ಸಗರನಾಡಿನ ಶಾಲೆಗಳಲ್ಲಿ ಹಾಡು, ಚಿತ್ರ, ಆಟ

ಯಾದಗಿರಿ, ಶಹಾಪುರ, ಸುರಪುರಗಳಿಗೆ ಬರುವ ಪ್ರವಾಸಿಗರು ಕೋಟೆಯನ್ನು ನೋಡುವರು, ಗುಡ್ಡವನ್ನು ನೋಡುವರು, ದೇವಾಲಯದಲ್ಲಿ ಕೈಮುಗಿದು ತಿರುಗಿ ಹೋಗುವರು. ಇವೆಲ್ಲವೂ ನೋಡತಕ್ಕವುಗಳೇ ಸರಿ. ಆದರೆ ಕೋಟೆಯು ಒಂದು ಸೀಮೆಯ ಹಿಂದಿನ ಕಾಲವನ್ನು ತಿಳಿಸಬಲ್ಲುದಲ್ಲದೆ ಮುಂದಿನ ಕಾಲವನ್ನು ತಿಳಿಸಲಾರದು. ಅದನ್ನು ಅರಿಯಬೇಕೆನ್ನುವವನು ಮಧ್ಯಾಹ್ನದ ಊಟವಾದ ತರುವಾಯ ಊರ ಪ್ರಾಥಮಿಕ ಶಾಲೆಯಲ್ಲಿ ಒಂದು ತಾಸು ನಿಲ್ಲಬೇಕು. ಗಣಿತ, ಭಾಷೆ ಮೊದಲಾದ ಪಾಠಗಳು ಬಹುಮಟ್ಟಿಗೆ ಬೆಳಗಿನ ಹೊತ್ತಿನಲ್ಲಿಯೇ ಮುಗಿದಿರುತ್ತವೆ. ಹಾಡು, ಚಿತ್ರ, ಆಟಗಳ ಸರದಿಯು ಬರುವುದು ಆ ಹೊತ್ತಿಗೆ. ಉತ್ತರ ತಪ್ಪೀತೆಂಬ ಅಂಜಿಕೆಯಿಲ್ಲದೆ ಮಗುವು ತಾನು ತಾನಾಗಿ ಕಾಣಿಸಿಕೊಳ್ಳುವುದೂ ಆಗಲೇ. ಈ ಉದ್ದೇಶವನ್ನಿಟ್ಟುಕೊಂಡು ನಾನು ಈ ಮೂರು ಊರುಗಳಲ್ಲಿ ಸಂಚರಿಸಿದೆನು. ಕಂಡದ್ದನ್ನು ವಾಚಕರ ಮುಂದೆ, ಅದರಲ್ಲಿಯೂ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರ ಮುಂದೆ, ಇಡುವುದು ಯುಕ್ತವೆಂದು ತೋರಿತು.

ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಮಾರ್ಗದಲ್ಲಿ ವಾಡಿಯನ್ನು ದಾಟಿ ರಾಯಚೂರಿನ ಕಡೆಗೆ ಹೊರಟರೆ ನಡುವೆ ಯಾದಗಿರಿಯು ಸಿಕ್ಕುತ್ತದೆ. ೧೮೭೧ರಲ್ಲಿ ಈ ಮಾರ್ಗವು ರಾಯಚೂರನ್ನು ಮುಟ್ಟಿದಂದಿನಿಂದ ಈ ಊರಿಗೆ ಹೊರನಾಡಿನ ಹೋಗುಬರವುಂಟು. ಊರಿನ ನೆತ್ತಿಯ ಮೇಲೆ ಕೋಟೆಯನ್ನು ಹೊತ್ತ ಬಂಡೆಗಲ್ಲಿನ ಗುಡ್ಡ; ಊರಿನ ಮಗ್ಗುಲಲ್ಲಿ ಭೀಮಾನದಿ. ಯಾದವರ ಗಿರಿಯೇ ಯಾದಗಿರಿಯಾಯಿತೆಂದು ಹಿರಿಯರು ಹೇಳುವರು. ೧೯೪೮ರ ಸೆಪ್ಟೆಂಬರದ ವರೆಗೆ ಈ ಸೀಮೆಯೆಲ್ಲವೂ ನಿಜಾಮರ ಆಳಿಕೆಯಲ್ಲಿದ್ದಿತು. ಮೇಲಿನ ಶಿಕ್ಷಣವು ಉರ್ದುವಿನಲ್ಲಿಯೇ ನಡೆಯುತ್ತಿದ್ದುದರಿಂದ ಒಕ್ಕಲಿಗರ ಮಕ್ಕಳಿಗೆ ಶಾಲೆಯೆಂಬುದು ದೂರದ ಮಾತಾಗಿದ್ದಿತು. ೧೯೫೬ರ ನವೆಂಬರ ೧ರಂದು ಕನ್ನಡನಾಡು ಒಂದಾದ ಮೇಲೆಯೂ ಆ ದೂರವು ಬೇಗನೆ ಕರಗಲಿಲ್ಲ. ೨೦೧೦ರಲ್ಲಿ ಯಾದಗಿರಿಯು ಕಲಬುರ್ಗಿಯಿಂದ ಬೇರೆಯಾಗಿ ಜಿಲ್ಲೆಯ ಪಟ್ಟವನ್ನು ಪಡೆಯಿತು. ಮರುವರುಷದ ಜನಗಣತಿಯಲ್ಲಿ ಈ ಹೊಸ ಜಿಲ್ಲೆಯ ಜನಸಂಖ್ಯೆ ೧೧,೭೪,೨೭೧. ಅಕ್ಷರ ಬಲ್ಲವರು ಶೇಕಡಾ ೫೧.೮೩. ಇಡಿಯ ಕರ್ನಾಟಕದಲ್ಲಿ ಇದೇ ಅತಿ ಕಡಿಮೆಯ ಅಂಕೆಯಾಗಿದ್ದಿತು.

ಇಂಥ ಸೀಮೆಯಲ್ಲಿ ಶಾಲೆಯು ಮಕ್ಕಳಿಂದ ಕಿಕ್ಕಿರಿದಿದೆಯೆಂದರೆ ಮೊದಲು ಸಂತೋಷಪಡಬೇಕಾದುದೇ ನ್ಯಾಯವು. ಶಾಲೆಯಲ್ಲಿ ಬಿಸಿಯೂಟ ಬಡಿಸುವ ಅಕ್ಷರ ದಾಸೋಹವು ೨೦೦೨ರಲ್ಲಿ ರಾಜ್ಯದಲ್ಲಿ ಮೊದಲು ಆರಂಭವಾದುದು ಅಂದಿನ ಕಲಬುರ್ಗಿಯೂ ಸೇರಿದ ಈಶಾನ್ಯದ ಜಿಲ್ಲೆಗಳಲ್ಲಿಯೇ. ಆರರಿಂದ ಹದಿನಾಲ್ಕು ವರುಷದ ಎಲ್ಲ ಮಕ್ಕಳಿಗೂ ಶಿಕ್ಷಣವು ಹಕ್ಕೆಂದು ಸಾರಿದ ೨೦೦೯ರ ಕಾಯಿದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಎಮ್ಮೆ ಕಾಯುತ್ತಿದ್ದ ಹುಡುಗನೂ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿರುತ್ತಿದ್ದ ಹುಡುಗಿಯೂ ತರಗತಿಗೆ ಬಂದು ಕುಳಿತರು. ಹಾಜರಿಯ ಪುಸ್ತಕವು ಬೆಳೆದಷ್ಟು ವೇಗವಾಗಿ ಶಿಕ್ಷಕರ ಸಂಖ್ಯೆಯಾಗಲಿ, ಕೋಣೆಗಳಾಗಲಿ, ಬಯಲಾಗಲಿ ಬೆಳೆಯಲಿಲ್ಲ. ಇಕ್ಕಟ್ಟು ಹುಟ್ಟಿದುದು ಅಲ್ಲಿಂದ.

ಯಾದಗಿರಿಯ ಹತ್ತಿರದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆಟದ ಅವಧಿಗೆ ಸರಿಯಾಗಿ ಹೋಗಿದ್ದೆನು. ಐದು, ಆರು, ಏಳನೆಯ ತರಗತಿಗಳ ಮಕ್ಕಳೆಲ್ಲರೂ ಒಮ್ಮೆಗೇ ಹೊರಗೆ ಬಂದರು. ಏಕೆಂದು ಕೇಳಲಾಗಿ, ದೈಹಿಕ ಶಿಕ್ಷಣದ ಶಿಕ್ಷಕರು ಒಬ್ಬರೇ ಇರುವುದರಿಂದ ತರಗತಿಗಳನ್ನು ಕೂಡಿಸದೆ ಗತ್ಯಂತರವಿಲ್ಲವೆಂದು ತಿಳಿಯಿತು. ಸಾಲಾಗಿ ನಿಲ್ಲಿಸುವುದರಲ್ಲಿಯೇ ಹತ್ತು ಮಿನಿಟು ಕಳೆಯಿತು. ಕೈಕಾಲುಗಳ ಕವಾಯತಿಗೆ ಮತ್ತೆ ಹತ್ತು ಮಿನಿಟು. ಅನಂತರ ಶಿಕ್ಷಕರು ಚೆಂಡನ್ನು ತೆಗೆದರು. ಗಟ್ಟಿಮುಟ್ಟಾದ ಹತ್ತಿಪ್ಪತ್ತು ಹುಡುಗರು ಅದರ ಹಿಂದೆ ಓಡಿದರು. ಸಣ್ಣ ಹುಡುಗರು ಸುತ್ತಲೂ ನಿಂತು ಕೂಗಿದರು. ಹುಡುಗಿಯರು ಬೇವಿನ ಗಿಡದ ನೆರಳಿಗೆ ಸರಿದು ಕಲ್ಲಾಟಕ್ಕೆ ಕುಳಿತರು. ನಾನು ನೋಡುತ್ತಿದ್ದುದನ್ನು ಕಂಡು ಶಿಕ್ಷಕರು ತಾವಾಗಿಯೇ ಹತ್ತಿರ ಬಂದು, "ಚೆಂಡು ಒಂದೇ ಅದ, ಹುಡುಗರು ನೂರಾ ಇಪ್ಪತ್ತು ಮಂದಿ ಅರ. ಯಾರಿಗಿ ಕೊಡ್ಲಿ, ಯಾರಿಗಿ ಬಿಡ್ಲಿ? ನೀವೇ ಹೇಳ್ರಿ" ಎಂದರು. ಅವರ ಮಾತಿನಲ್ಲಿ ಸೋಮಾರಿತನವಿರಲಿಲ್ಲ, ದಣಿವಿದ್ದಿತು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಇಕ್ಕಟ್ಟು ಎಲ್ಲ ವಿಷಯಗಳಿಗಿಂತ ಹೆಚ್ಚಾಗಿ ಆಟ, ಹಾಡು, ಚಿತ್ರಗಳ ಮೇಲೆಯೇ ಏಕೆ ಬೀಳುತ್ತದೆಂಬುದನ್ನು ವಾಚಕರು ಗಮನಿಸಬೇಕು. ೨೦೦೯ರ ಕಾಯಿದೆಯ ಅನುಸೂಚಿಯಲ್ಲಿ ಒಂದರಿಂದ ಐದನೆಯ ತರಗತಿಯ ವರೆಗೆ ೬೦ ಮಕ್ಕಳಿಗೆ ಇಬ್ಬರು ಶಿಕ್ಷಕರು, ೯೦ಕ್ಕೆ ಮೂವರು, ಹೀಗೆ ಲೆಕ್ಕವಿದೆ. ಈ ತರಗತಿಗಳಿಗೆ ಚಿತ್ರಕ್ಕಾಗಲಿ ಆಟಕ್ಕಾಗಲಿ ಪ್ರತ್ಯೇಕ ಶಿಕ್ಷಕರ ಮಾತೇ ಅಲ್ಲಿಲ್ಲ. ಆರರಿಂದ ಎಂಟರ ವರೆಗೆ ೩೫ ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕು. ವಿಜ್ಞಾನ-ಗಣಿತಕ್ಕೆ, ಸಮಾಜ ವಿಷಯಕ್ಕೆ, ಭಾಷೆಗೆ ಒಬ್ಬೊಬ್ಬರಿರಬೇಕು. ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಶಿಕ್ಷಣ ಇವುಗಳಿಗಾದರೋ ಅರೆಕಾಲಿಕ ಬೋಧಕರು. ಅವರೂ ಮಕ್ಕಳ ಸಂಖ್ಯೆ ನೂರನ್ನು ಮೀರಿದಲ್ಲಿ ಮಾತ್ರ. ನೂರು ಮಕ್ಕಳಿಲ್ಲದ ಹಳ್ಳಿಯ ಶಾಲೆಗೆ ಬೋಧಕರೇ ಇಲ್ಲ. ನೂರು ಮೀರಿದ ಪಟ್ಟಣದ ಶಾಲೆಯಲ್ಲಿ ಇದ್ದೊಬ್ಬರ ಮುಂದೆ ಶಾಲೆಯೆಲ್ಲವೂ ನಿಲ್ಲುತ್ತದೆ. ಗಣಿತದ ಶಿಕ್ಷಕರು ಕಡಿಮೆಯಾದರೆ ಊರವರು ಕೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಸಂಗೀತದ ಶಿಕ್ಷಕರ ಹುದ್ದೆಯು ಖಾಲಿಯಿದ್ದರೆ ಅದನ್ನು ಕೊರತೆಯೆಂದು ಬಗೆಯುವವರೇ ವಿರಳ.

ಯಾದಗಿರಿಯಿಂದ ಭೀಮೆಯ ಸೇತುವೆಯನ್ನು ದಾಟಿ ಶಹಾಪುರಕ್ಕೆ ಹೊರಟೆನು. ಮೂವತ್ತು ಮೂವತ್ತೈದು ಕಿಲೋಮೀಟರಿನ ದಾರಿ. ಎರಡೂ ಕಡೆಗೆ ಎರೆಯ ಹೊಲಗಳು. ನಾರಾಯಣಪುರದ ಆಣೆಕಟ್ಟಿನಿಂದ ಕೃಷ್ಣೆಯ ನೀರು ಕಾಲುವೆಗಳಲ್ಲಿ ಹರಿದು ಬಂದ ಮೇಲೆ ಒಣಭೂಮಿಯಲ್ಲಿ ಬತ್ತದ ಹಸುರೂ ಕಾಣಿಸಿಕೊಂಡಿದೆ. ನೀರು ಹರಿಯದ ಕಡೆಯಲ್ಲಿ ಹತ್ತಿ, ತೊಗರಿ. ಹತ್ತಿ ಬಿಡಿಸುವ ಕಾಲಕ್ಕೆ ದೊಡ್ಡ ತರಗತಿಯ ಮಕ್ಕಳು ಹೊಲಕ್ಕಿಳಿಯುವುದೂ, ಸುಗ್ಗಿ ಮುಗಿದೊಡನೆ ಮನೆಮಂದಿಯೆಲ್ಲ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವುದೂ ಇಲ್ಲಿ ಹೊಸತಲ್ಲ. ಹೀಗೆ ತುಂಬುವ ತರಗತಿಯು ನಡುವೆ ಅರೆಬರಿದಾಗಿ ಮತ್ತೆ ತುಂಬುತ್ತದೆ. ಶಹಾಪುರವು ಹತ್ತಿರ ಬರುತ್ತಿದ್ದಂತೆ ಗುಡ್ಡಗಳ ಸಾಲೊಂದು ಮನುಷ್ಯನು ಅಂಗಾತ ಮಲಗಿದಂತೆ ತೋರುವುದು. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಮಲಗಿದ ಬುದ್ಧನೆಂದು ಜನರು ಅದನ್ನು ಕರೆಯುವರು.

ಇಲ್ಲಿಯ ಒಂದು ಶಾಲೆಯಲ್ಲಿ ಸಂಗೀತದ ಪಾಠವನ್ನು ಕೇಳುವ ಯೋಗ ದೊರೆಯಿತು. ಹಾಡು ಬಲ್ಲ ಶಿಕ್ಷಕಿಯೊಬ್ಬರು ತಮ್ಮ ಭಾಷಾಪಾಠದ ಜೊತೆಗೆ ಈ ಹೊರೆಯನ್ನೂ ಹೊತ್ತಿದ್ದರು. ಕೋಣೆಯಲ್ಲಿ ಎಂಬತ್ತರ ಮೇಲೆ ಮಕ್ಕಳು; ಕಿಟಕಿಯ ಕಟ್ಟೆಯ ಮೇಲೆಯೂ ಕೆಲವರು. ಅವರಲ್ಲಿ ಕನ್ನಡದವರಿದ್ದರು, ಮನೆಯಲ್ಲಿ ಉರ್ದು ಆಡುವವರಿದ್ದರು, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿದ್ದರು. ಎಂಬತ್ತು ಕಂಠಗಳು ಒಮ್ಮೆಗೇ ಎದ್ದಾಗ ಮಾಡಿನ ತಗಡು ಗುಂಯ್‌ಗುಟ್ಟಿತು. ಪಾಠದಲ್ಲಿ ತಡವರಿಸುವ ಮಗುವೂ ಹಾಡಿನಲ್ಲಿ ಎಲ್ಲರೊಡನೆ ಕೂಡಿಕೊಂಡಿತು. ಸಮೂಹಗಾನಕ್ಕೆ ಸಂಖ್ಯೆಯು ಅಡ್ಡಿಯಲ್ಲವೆಂದು ಆ ಕ್ಷಣಕ್ಕೆ ತೋರಿತು.

ಆದರೆ ಕೆಲಹೊತ್ತು ಕೇಳಿದ ಬಳಿಕ ಅರ್ಥವಾದುದೇ ಬೇರೆ. ಎಲ್ಲರೂ ಕೂಗುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಪಕ್ಕದವನ ದನಿಯನ್ನು ಮೀರಲು ಪ್ರತಿಯೊಬ್ಬನೂ ತನ್ನ ದನಿಯನ್ನು ಏರಿಸುತ್ತಿದ್ದನು. ಹಿಂದಿನ ಸಾಲಿನಲ್ಲಿ ಕೆಲವರು ತುಟಿಯನ್ನು ಮಾತ್ರ ಆಡಿಸುತ್ತಿದ್ದರು. ಸಂಗೀತದ ಮೊದಲ ಪಾಠವು ಕಂಠದ್ದಲ್ಲ, ಕಿವಿಯದು. ಯಾವ ಮಗುವಿನ ಶ್ರುತಿಯು ಎಲ್ಲಿ ಸರಿಯಿತೆಂಬುದನ್ನು ಕೇಳಿ ತಿದ್ದುವುದಕ್ಕೆ ಆ ತಾಯಿಗೆ ಸಾಧ್ಯವಿರಲಿಲ್ಲ.

ಇದೇ ಸೀಮೆಯಲ್ಲಿ ಹಾಡಿಗೆ ಬರವುಂಟೆ? ಸುರಪುರದ ಆನಂದದಾಸರು ಕಮಲೇಶವಿಠಲನ ಅಂಕಿತದಲ್ಲಿ ಪದಗಳನ್ನು ರಚಿಸಿದುದು ಈ ನೆಲದಲ್ಲಿ. ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನರು ಕೂಡುವರು. ಹಳ್ಳಿಹಳ್ಳಿಗಳಲ್ಲಿ ತತ್ತ್ವಪದಗಳ ಭಜನಾಮೇಳಗಳಿವೆ. ಮೊಹರಮ್ಮಿನಲ್ಲಿ ಅಲಾಯಿಯ ಸುತ್ತ ಪದ ಹಾಡಿ ಕುಣಿಯುವವರಿದ್ದಾರೆ. ಭಜನೆಯ ಕಟ್ಟೆಯಲ್ಲಿ ಹುಡುಗನು ಕಲಿಯುವ ಬಗೆಯನ್ನು ಗಮನಿಸಿರಿ. ಮೇಳದಲ್ಲಿ ಇರುವವರು ಹತ್ತೋ ಹದಿನೈದೋ ಜನ. ಹಿರಿಯನೊಬ್ಬನು ಏಕತಾರಿ ಹಿಡಿದು ನುಡಿಯನ್ನೆತ್ತಿದರೆ ಉಳಿದವರು ಹಿಮ್ಮೇಳದಲ್ಲಿ ನಿಲ್ಲುವರು. ಹುಡುಗನಿಗೆ ಮೊದಲು ತಾಳವನ್ನು ಕೊಡುವರು. ತಪ್ಪಿದರೆ ಪಕ್ಕದಲ್ಲಿ ಕುಳಿತವನೇ ಮೊಣಕಾಲನ್ನು ತಟ್ಟಿ ಎಚ್ಚರಿಸುವನು. ಒಬ್ಬ ಗುರುವು ಎಂಬತ್ತು ಮಂದಿಗೆ ಕಲಿಸುವ ಪದ್ಧತಿಯು ಅಲ್ಲಿಲ್ಲ. ಕಲಿತವರ ನಡುವೆ ಕಲಿಯದವನು ಕುಳಿತು ಕಲಿಯುವುದೇ ಅಲ್ಲಿಯ ಪದ್ಧತಿ.

ಶಹಾಪುರದಲ್ಲಿಯೇ ಒಬ್ಬ ತಾಯಿಯು ನನ್ನ ವಿಚಾರವನ್ನು ಕೇಳಿ ನಕ್ಕು, "ಹಾಡ್ಕೋಂತ ಕುಂತ್ರ ಹೊಟ್ಟಿ ತುಂಬತದೇನ್ರಿ ಅಣ್ಣಾ?" ಎಂದಳು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ೨೦೨೪ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯು ಶೇಕಡಾ ೫೦.೫೯ರಷ್ಟು ಫಲಿತಾಂಶ ಪಡೆದು ರಾಜ್ಯದಲ್ಲಿ ಕೊನೆಯದಾಯಿತು. ಇಂಥ ಫಲಿತಾಂಶವು ಬಂದಾಗಲೆಲ್ಲ ಮೇಲಿನಿಂದ ಕೆಳಗಿನ ವರೆಗೆ ಒತ್ತಡವು ಇಳಿಯುತ್ತದೆ, ಪ್ರಾಥಮಿಕ ಶಾಲೆಯ ಆಟದ ಅವಧಿಯೂ ಲೆಕ್ಕದ ಪಾಠಕ್ಕೆ ಹೋಗುತ್ತದೆ. ಹಸಿದ ಮನೆಗೆ ಉದ್ಯೋಗ ಬೇಕು, ಉದ್ಯೋಗಕ್ಕೆ ಪರೀಕ್ಷೆ ಬೇಕೆಂಬುದು ನಿಜವೇ. ಆದರೆ ಮನೆಯಲ್ಲಿ ಪುಸ್ತಕವನ್ನೇ ಕಾಣದೆ ಬಂದ ಮಗುವು ಮೊದಲನೆಯ ದಿನದಿಂದಲೇ ಲೆಕ್ಕದಲ್ಲಿ ಸೋಲುತ್ತ ಹೋದರೆ ಶಾಲೆಯಲ್ಲಿ ಎಷ್ಟು ಕಾಲ ನಿಂತೀತು? ಓಟದಲ್ಲಿ ಮುಂದಾಗುವ, ಪದವನ್ನು ಚೆನ್ನಾಗಿ ಹಾಡುವ, ಎತ್ತಿನ ಚಿತ್ರವನ್ನು ಜೀವವಿದ್ದಂತೆ ಬರೆಯುವ ಮಗುವಿಗೆ ಶಾಲೆಯಲ್ಲಿ ತಾನೂ ಒಬ್ಬನೆಂಬ ಧೈರ್ಯವು ಹುಟ್ಟುವುದು ಈ ಅವಧಿಗಳಲ್ಲಿಯೇ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯ ವರೆಗೆ ಕಲೆಯು ಕಡ್ಡಾಯವಿರಬೇಕೆಂದು ಸೂಚಿಸಿದುದು ವಿಲಾಸಕ್ಕಾಗಿಯಲ್ಲ.

ಶಹಾಪುರದಿಂದ ಸುರಪುರಕ್ಕೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಗುಡ್ಡಗಳ ನಡುವೆ ಹಬ್ಬಿದ ಈ ಊರು ಗೋಸಲ ವಂಶದ ನಾಯಕರ ರಾಜಧಾನಿ. ೧೮೪೧ರಿಂದ ೧೮೫೩ರ ವರೆಗೆ ಇಲ್ಲಿದ್ದ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನ ಬಂಗಲೆಯು ಟೇಲರ ಮಂಜಿಲ್ ಎಂಬ ಹೆಸರಿನಿಂದ ಗುಡ್ಡದ ಮೇಲಿದೆ. ಅವನ ಕಣ್ಣೆದುರಿನಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕನು ೧೮೫೮ರಲ್ಲಿ ಆಂಗ್ಲರ ವಿರುದ್ಧ ಎದ್ದುನಿಂತು ಅಳಿದನು. ಈ ಕಥೆಯನ್ನು ಬಲ್ಲವರು ಬಹಳ. ಆದರೆ ನಾಯಕರ ಆಶ್ರಯದಲ್ಲಿ ಬೆಳೆದ ಸುರಪುರದ ಚಿತ್ರಕಲೆಯನ್ನು ಬಲ್ಲವರು ಕಡಿಮೆ. ಕೂದಲೆಳೆಯಂಥ ರೇಖೆ, ಮಿನುಗುವ ಚಿನ್ನದ ಕೆಲಸ, ದೇವತೆಗಳ ಮತ್ತು ಆಸ್ಥಾನದ ಕಿರುಚಿತ್ರಗಳು ಇವು ಆ ಸಂಪ್ರದಾಯದ ಗುರುತು. ಗರುಡಾದ್ರಿಯವರ ಮನೆತನದ ಹೆಸರು ಅದರೊಡನೆ ಕೂಡಿಕೊಂಡಿದೆ. ನಮ್ಮ ಕಾಲದಲ್ಲಿ ಕಲಾವಿದ ವಿಜಯ ಹಾಗರಗುಂಡಗಿಯವರು ಅದನ್ನು ಮತ್ತೆ ಬೆಳಕಿಗೆ ತರಲು ಶ್ರಮಿಸಿದರು.

ಆ ಕಲೆಯ ಊರಿನಲ್ಲಿ ಒಂದು ಶಾಲೆಯ ಚಿತ್ರದ ತರಗತಿಯನ್ನು ನೋಡಿದೆನು. ಅವಧಿಯು ನಲವತ್ತು ಮಿನಿಟು, ಮಕ್ಕಳು ಅರುವತ್ತು. ಗಣಿತವು ಬಲು ಸುಲಭ: ಪ್ರತಿ ಮಗುವಿಗೆ ನಲವತ್ತು ಸೆಕೆಂಡು. ಹಾಜರಿ ಕರೆದು, ಕಾಗದ ಹಂಚಿ, ಬಣ್ಣದ ಕಡ್ಡಿಗಾಗಿ ನಡೆದ ಜಗಳವನ್ನು ಬಿಡಿಸುವಷ್ಟರಲ್ಲಿ ಅದರ ಅರ್ಧವೂ ಉಳಿಯದು. ಶಿಕ್ಷಕರು ಹಲಗೆಯ ಮೇಲೆ ಒಂದು ಮನೆ, ಒಂದು ಗಿಡ, ಎರಡು ಗುಡ್ಡ, ನಡುವೆ ಸೂರ್ಯ ಇಷ್ಟನ್ನು ಬರೆದರು. ಅರುವತ್ತು ಕಾಗದಗಳ ಮೇಲೆ ಅದೇ ಮನೆ, ಅದೇ ಸೂರ್ಯ ಮೂಡಿತು. ಹಾಗೆ ಮಾಡದೆ ಅವರಿಗೆ ಬೇರೆ ಉಪಾಯವಿರಲಿಲ್ಲ. ಒಂದೇ ಚಿತ್ರವಾದರೆ ನಿಂತಲ್ಲಿಂದಲೇ ನೋಡಿ ಸರಿ ತಪ್ಪು ಹೇಳಬಹುದು. ಅರುವತ್ತು ಬಗೆಯ ಚಿತ್ರಗಳಾದರೆ ಅರುವತ್ತು ಮಕ್ಕಳ ಬಳಿಗೆ ಹೋಗಬೇಕು.

ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕುಳಿತಿದ್ದ ಹುಡುಗಿಯೊಬ್ಬಳು ಮಾತ್ರ ಹಲಗೆಯ ಚಿತ್ರವನ್ನು ಬರೆದಿರಲಿಲ್ಲ. ಬಾಗಿದ ಒಬ್ಬ ಹೆಂಗಸು. ಅವಳ ಉಡಿಯಲ್ಲಿ ಹತ್ತಿ ತುಂಬಿ ಹೊಟ್ಟೆಯ ಮುಂದೆ ಜೋತಿದೆ. ಉಡಿಯ ಭಾರಕ್ಕೆ ಬೆನ್ನು ಡೊಂಕಾಗಿದೆ. ಆ ಡೊಂಕನ್ನು ಮಗುವು ಒಂದೇ ಗೆರೆಯಲ್ಲಿ ಹಿಡಿದಿತ್ತು. ಯಾರೆಂದು ಕೇಳಿದರೆ "ನಮ್ಮವ್ವರಿ" ಎಂದಳು. "ಸರಿಗೆ ತೋರಿಸಿದೆಯೇನಮ್ಮ?" ಎಂದೆನು. "ಸರ ಇಲ್ಲೀತನ ಬರಂಗಿಲ್ಲರಿ" ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಮಳೆ ಬರುವುದಿಲ್ಲವೆಂದು ಹೇಳುವಷ್ಟೇ ಸಹಜವಾಗಿ ಹೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಕಾಗದವು ಮಡಿಚಿ ಚೀಲದೊಳಕ್ಕೆ ಹೋಯಿತು.

ನಾನು ಈ ಪ್ರವಾಸದಲ್ಲಿ ಕಂಡ ನಷ್ಟವು ಇದೇ. ಕೂದಲೆಳೆಯ ಗೆರೆಗೆ ಹೆಸರಾದ ಊರಿನಲ್ಲಿ ಅಂಥ ಕೈಯೊಂದು ಹುಟ್ಟಿದರೂ ಅದನ್ನು ಕಾಣುವ ಕಣ್ಣು ಕೊನೆಯ ಸಾಲಿನ ವರೆಗೆ ಬರಲಾರದು. ಹಿಂದಿನ ಚಿತ್ರಗಾರನ ಮನೆಯಲ್ಲಿ ಬಣ್ಣ ಅರೆಯುವ ಹುಡುಗರು ಬೆರಳೆಣಿಕೆಯವರು. ಗುರುವು ಶಿಷ್ಯನ ಮಣಿಕಟ್ಟನ್ನು ಹಿಡಿದು ಗೆರೆಯನ್ನು ತಿದ್ದುತ್ತಿದ್ದನು. ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ ಎತ್ತರದ ಕಂಬಗಳನ್ನು ಏರುವ ಸಾಹಸವನ್ನು ನೋಡಲು ಜನರು ನೆರೆಯುವರು. ಕುಸ್ತಿಯ ಕಣವೂ ಈ ಸೀಮೆಯ ಜಾತ್ರೆಗಳಿಗೆ ಹೊಸತಲ್ಲ. ಆ ಜಟ್ಟಿಗಳನ್ನು ತಯಾರಿಸುವ ತಾಲೀಮಿನಲ್ಲಿಯೂ ವಸ್ತಾದನು ಹುಡುಗರನ್ನು ಜೋಡಿಜೋಡಿಯಾಗಿ ಬಿಡುವನು; ಕಿರಿಯರನ್ನು ಹಿರಿಯ ಪೈಲವಾನರು ತಿದ್ದುವರು. ಕುಂಚಕ್ಕೂ ಕುಸ್ತಿಗೂ ಭಜನೆಗೂ ಈ ನಾಡು ಕಂಡುಕೊಂಡ ಹಾದಿಯು ಒಂದೇ: ಸಣ್ಣ ಗುಂಪು, ಹತ್ತಿರದ ಕಣ್ಣು, ಮೇಲಿನವನು ಕೆಳಗಿನವನಿಗೆ ಹೇಳಿಕೊಡುವುದು.

ಶಾಲೆಗೆ ಈ ಹಾದಿಯು ಹೊಸತೇನೂ ಅಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಮುಂದೆ ನಾಡಿನ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಚಿಕ್ಕ ತರಗತಿಯ ಮಕ್ಕಳು ಐದು ತಟ್ಟೆಗಳೆಂಬ ಗುಂಪುಗಳಲ್ಲಿ ಕುಳಿತುಕೊಳ್ಳುವರು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಮತ್ತೊಂದರಲ್ಲಿ ತಾನೇ ಕಲಿಯುವುದು, ಹೀಗೆ ವ್ಯವಸ್ಥೆ. ಲೆಕ್ಕಕ್ಕೂ ಅಕ್ಷರಕ್ಕೂ ಸಲ್ಲುವ ಈ ತಟ್ಟೆಗಳು ಮೇಲಿನ ತರಗತಿಯ ಚಿತ್ರಕ್ಕೂ ಆಟಕ್ಕೂ ಏಕೆ ಸಲ್ಲಬಾರದು? ಅರುವತ್ತು ಮಕ್ಕಳನ್ನು ಐದು ಗುಂಪು ಮಾಡಿದರೆ ಗುಂಪಿಗೆ ಹನ್ನೆರಡು. ಶಿಕ್ಷಕರು ವಾರಕ್ಕೊಂದು ಗುಂಪಿನ ಬಳಿ ಕುಳಿತರೂ ಐದು ವಾರಗಳಲ್ಲಿ ಪ್ರತಿ ಮಗುವಿನ ಕಾಗದವನ್ನೂ ಒಮ್ಮೆ ನಿಧಾನವಾಗಿ ನೋಡಿದಂತಾಗುತ್ತದೆ. ಉಳಿದ ಗುಂಪುಗಳಿಗೆ ಏಳನೆಯ ತರಗತಿಯ ಬಲ್ಲ ಮಕ್ಕಳು ಜೊತೆಯಾಗಲಿ. ಒಂದೇ ಚೆಂಡಿನ ಬದಲು ಖೊಖೊ, ಲಗೋರಿ, ಕುಂಟಾಟ, ಹಗ್ಗದಾಟಗಳು ಬಯಲಿನ ನಾಲ್ಕು ಮೂಲೆಗಳಲ್ಲಿ ನಡೆದರೆ ಬೇವಿನ ನೆರಳಿನಲ್ಲಿದ್ದ ಹುಡುಗಿಯರಿಗೂ ಸ್ಥಳ ಸಿಕ್ಕೀತು.

ಆದರೆ ಇದು ತಾತ್ಕಾಲಿಕವಾದ ಉಪಾಯವೆಂಬುದನ್ನು ಮರೆಯಲಾಗದು. ಉಪಾಯವು ಶಿಕ್ಷಕರ ಕೊರತೆಯನ್ನು ಮುಚ್ಚುವ ನೆಪವಾಗಬಾರದು. ಪ್ರತಿ ಶಾಲೆಯಲ್ಲಿಯೂ ೩೦ ಮಕ್ಕಳಿಗೆ, ಹಿಂದುಳಿದ ಜನರು ಹೆಚ್ಚಾಗಿರುವ ಸೀಮೆಯಲ್ಲಿ ೨೫ ಮಕ್ಕಳಿಗೆ ಒಬ್ಬ ಶಿಕ್ಷಕರ ಪ್ರಮಾಣವು ಮೀರಬಾರದೆಂದು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿದೆ. ಆ ಮಾತು ಮೊದಲು ಸಲ್ಲಬೇಕಾದುದು ಇಂಥ ಜಿಲ್ಲೆಗೆ. ಕಾಯಿದೆಯು ಒಪ್ಪಿದ ಅರೆಕಾಲಿಕ ಬೋಧಕರ ಸ್ಥಾನಕ್ಕೆ ಊರಿನ ಭಜನೆಯ ಹಾಡುಗಾರರನ್ನೂ ಸುರಪುರದ ಕುಂಚ ಬಲ್ಲವರನ್ನೂ ತಾಲೀಮಿನ ಅನುಭವಸ್ಥರನ್ನೂ ಗೌರವದ ಸಂಭಾವನೆ ಕೊಟ್ಟು ಕರೆತಂದರೆ ಶಾಲೆಗೂ ಲಾಭ, ಕ್ಷೀಣಿಸುತ್ತಿರುವ ಕಲೆಗೂ ಲಾಭ.

ಕೊನೆಗೆ ಮನೆಯವರಿಗೆ, ವಿಶೇಷವಾಗಿ ತಾಯಂದಿರಿಗೆ, ಒಂದು ಮಾತು. ಶಾಲೆಯ ಆಡಳಿತವನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳೂ ಪೋಷಕರೂ ಇರಬೇಕು, ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು ಎಂದು ೨೦೦೯ರ ಕಾಯಿದೆಯೇ ವಿಧಿಸಿದೆ. ಆ ಸಭೆಯಲ್ಲಿ ಅಕ್ಕಿ ಬೇಳೆಯ ಲೆಕ್ಕವನ್ನು ಕೇಳುವಂತೆ ಹಾಡಿನ ಅವಧಿಯ ಲೆಕ್ಕವನ್ನೂ ಕೇಳಿರಿ: ವಾರಕ್ಕೆ ಎಷ್ಟು ಸಲ ನಡೆಯಿತು, ಒಮ್ಮೆಗೆ ಎಷ್ಟು ಮಕ್ಕಳು ಕೂಡಿದ್ದರು, ಚೆಂಡುಗಳು ಎಷ್ಟಿವೆ, ಹುಡುಗಿಯರ ಕೈಗೆ ಅವು ಬಂದವೆ. ಸಂಜೆ ಮಗುವು ಮನೆಗೆ ಬಂದಾಗ ಎಷ್ಟು ಅಂಕ ಬಂದವೆಂದು ಕೇಳುವ ಮುಂಚೆ ಚೀಲದೊಳಗಿನ ಮಡಿಚಿದ ಕಾಗದವನ್ನು ಬಿಚ್ಚಿಸಿ ನೋಡಿರಿ. ಶಿಕ್ಷಕರ ಕಣ್ಣು ಕೊನೆಯ ಸಾಲಿನ ವರೆಗೆ ಬರುವಂತಾಗಲು ಇನ್ನೂ ಕೆಲವು ವರುಷಗಳು ಹಿಡಿಯಬಹುದು. ತಾಯಿಯ ಕಣ್ಣಿಗೆ ಆ ದೂರವಿಲ್ಲ.